ಓಡಿಹೋದವನ ಮಕ್ಕಳು

ವಂಶಾವಳಿ ಅನ್ನುವುದು ಉಳ್ಳವರ ಆಸ್ತಿ. ಬಯಲುಸೀಮೆಯ ಊರುಗಳಲ್ಲಿ ಗೌಡರ, ಲಿಂಗಾಯತರ, ಕುರುಬರ ಮನೆಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಆ ಮನೆಯ ಮೂಲಪುರುಷ ಯಾರು, ಯಾವ ಸೀಮೆಯಿಂದ ಬಂದ, ಅವನಿಗೆಷ್ಟು ಮಕ್ಕಳು, ಯಾವ ಮನೆಯಿಂದ ಹೆಣ್ಣು ತಂದರು ಎಂದು ಒಪ್ಪಿಸಿ, ದವಸ ಇಸ್ಕೊಂಡು ಹೋಗುತ್ತಿದ್ದರು. ನಮ್ಮವರ ಹಟ್ಟಿಗೆ ಹೆಳವ ಬಂದದ್ದನ್ನು ಕಂಡವರು ಯಾರೂ ನನಗೆ ಸಿಗಲಿಲ್ಲ. ನಮ್ಮ ಹೆಸರು ಹಾಡಿದರೆ ಅವನಿಗೆ ಏನು ತಾನೆ ಸಿಕ್ಕೀತು? ನಮ್ಮ ವಂಶಾವಳಿ ಬೇರೆ ಕಡೆ ಇತ್ತು. ಗೌಡನ ಸಾಲದ ಚೀಟಿಯಲ್ಲಿ, ಮೇಸ್ತ್ರಿಯ ಮುಂಗಡದ ಪುಸ್ತಕದಲ್ಲಿ, ತೋಟದ ಚೆಕ್‌ರೋಲಿನಲ್ಲಿ, ಪೊಲೀಸರ ವಾರಂಟಿನಲ್ಲಿ. ಹೆಬ್ಬೆಟ್ಟು ಒತ್ತಿಸಿಕೊಂಡ ಕಡೆಯಲ್ಲೆಲ್ಲ ನಾವಿದ್ದೆವು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಕಂಡವನು ನಾನು. ಹುಟ್ಟಿದ್ದು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಲೈನು ಮನೆಯಲ್ಲಿ. ಅಪ್ಪ, ಅವ್ವ ಇಬ್ಬರೂ ತೋಟದ ಕೂಲಿಗಳು. ಚಿಕ್ಕಂದಿನಲ್ಲಿ ಯಾರಾದರೂ "ಯಾವೂರೋರು ನೀವು?" ಅಂದರೆ "ಮೈಸೂರು ಕಡೇರು" ಅನ್ನಬೇಕು ಎಂದು ಕಲಿಸಿದ್ದರು. ಮೈಸೂರು ಕಡೆ ಎಂದರೆ ಯಾವ ಊರು, ಯಾವ ಹಟ್ಟಿ? ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಲೈನಿನ ಬೇರೆ ಮನೆಯವರು ಮನೆದೇವರಿಗೆ ಎಂದು ಬಸ್ಸು ಹತ್ತಿ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಕಡೆ ಹೋಗಿ ಬರುತ್ತಿದ್ದರು. ನಮ್ಮ ಮನೆಯಲ್ಲಿ ಮನೆದೇವರ ಹೆಸರು ಮಾತ್ರ ಇತ್ತು. ಅಲ್ಲಿಗೆ ಹೋಗುವ ದಾರಿಯನ್ನು ಯಾರೂ ಹೇಳುತ್ತಿರಲಿಲ್ಲ.

"ನನ್ನ ಜನ" ಎಂದು ಪದ್ಯ ಬರೆಯುವವನು ಆ ಜನ ಯಾರು, ಎಲ್ಲಿಂದ ಬಂದರು, ಏನನ್ನು ಮುಚ್ಚಿಟ್ಟರು ಎಂದು ಕೇಳಿಕೊಳ್ಳಲೇಬೇಕು. ಕೇಳುತ್ತಾ ಹೋದೆ. ಸಿಕ್ಕಿದ್ದು ಮೂರು ಗುಟ್ಟು. ಮೂರನ್ನೂ ನಮ್ಮ ಮನೆಯವರು 'ಮಾನ ಹೋಗೋ ವಿಷಯ' ಎಂದು ಒಂದೇ ಗಂಟಿಗೆ ಕಟ್ಟಿ ಅಟ್ಟಕ್ಕೆ ಎಸೆದಿದ್ದರು. ಬಿಚ್ಚಿ ನೋಡಿದರೆ ಮೂರೂ ಒಂದೇ ತರದವಲ್ಲ. ಒಂದೊಂದರಲ್ಲಿ ಹೋಗಬೇಕಾದ ಮಾನ ಒಬ್ಬೊಬ್ಬರದು.

ಮೊದಲನೆಯದು ಜೈಲಿನದು. ಅಪ್ಪನ ತಾತ, ಅಂದರೆ ನನ್ನ ಮುತ್ತಾತ, ಮಡಿಕೇರಿಯ ಜೈಲು ಕಂಡವನು. ಇದು ನನ್ನ ಕಿವಿಗೆ ಬಿದ್ದದ್ದು ಚಿಕ್ಕಪ್ಪ ಕುಡಿದು ಬಂದ ಒಂದು ರಾತ್ರಿ. "ಕಳ್ಳನ ವಂಶ ಕನ್ಲಾ ನಮ್ದು, ದುಡ್ ತಿನ್ಕಂಡು ಓಡೋದೋನ ವಂಶ" ಎಂದು ಅವನು ಕೂಗಾಡಿದ. ಅವ್ವ ಎದ್ದು ಬಾಗಿಲು ಹಾಕಿದಳು. ಮಾರನೇ ದಿನ ಅದರ ಮಾತೇ ಇಲ್ಲ. ಮುತ್ತಾತ ಕದ್ದದ್ದಾದರೂ ಏನು? ಕಾಲೇಜಿಗೆ ಹೋಗಿ ಪುಸ್ತಕ ತಿರುವಿದ ಮೇಲೆ ನನಗೆ ತಿಳಿಯಿತು. ಅವನು ತಿಂದದ್ದು ಮುಂಗಡ.

ಬ್ರಿಟಿಷರು ಕೊಡಗನ್ನು ಕಿತ್ತುಕೊಂಡದ್ದು 1834ರಲ್ಲಿ. 1850ರ ದಶಕದಿಂದ ಬಿಳಿಯರು ಅಲ್ಲಿ ಕಾಡು ಕಡಿದು ಕಾಫಿ ಹಾಕತೊಡಗಿದರು. ಮರ ಉರುಳಿಸಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಆಳು ಬೇಕು. ಪಕ್ಕದ ಮೈಸೂರಿನ ಬಯಲಿನಲ್ಲಿ ಹಸಿದ ಹಟ್ಟಿಗಳಿದ್ದವು. ಎಂಥ ಹಸಿವು ಎನ್ನುವುದಕ್ಕೆ ಒಂದು ಲೆಕ್ಕ ಸಾಕು: 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನ 50,55,412. 1876-78ರ ಬರ ಕಳೆದ ಮೇಲೆ, 1881ರಲ್ಲಿ 41,86,188. ಎಂಟೂವರೆ ಲಕ್ಷಕ್ಕೂ ಮಿಕ್ಕಿ ಜನ ಕಡಮೆ. ಸತ್ತವರು ಎಷ್ಟು, ಹೊಟ್ಟೆ ಹಿಡಿದುಕೊಂಡು ಗಡಿ ದಾಟಿದವರು ಎಷ್ಟು ಎಂದು ಈ ಎರಡು ಅಂಕಿ ಹೇಳುವುದಿಲ್ಲ. ಬರ ಹೋದರೂ ಹಟ್ಟಿಯ ಹಸಿವು ಹೋಗಲಿಲ್ಲ. ತೋಟದ ದೊರೆ ಮೇಸ್ತ್ರಿಯ ಕೈಗೆ ದುಡ್ಡು ಕೊಡುವನು. ಮೇಸ್ತ್ರಿ ಹಟ್ಟಿಗೆ ಬಂದು, ಮನೆಯಲ್ಲಿ ಮದುವೆಯೋ ಸಾವೋ ಸಾಲವೋ ಇದ್ದವನನ್ನು ಹುಡುಕಿ, ಮುಂಗಡ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವನು. ಕೂಲಿಯಲ್ಲಿ ಅದು ವಜಾ ಆಗುತ್ತಾ ಹೋಗಬೇಕು. ತೋಟದಲ್ಲಿ ಅಕ್ಕಿ ಕಂಬಳಿಗೆ ಬೇರೆ ಲೆಕ್ಕ ಬರೆದರೆ ಅದು ತೀರುವುದು ಯಾವಾಗ?

ತೀರಿಸದೆ ಓಡಿದರೆ? ಅದಕ್ಕೆ ಕಾನೂನು ಇತ್ತು. ಹಿಂದೂಸ್ತಾನದಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು 1843ರ ಐದನೇ ಕಾಯ್ದೆ ತೆಗೆದುಹಾಕಿತು. ಹದಿನಾರು ವರ್ಷ ಕಳೆಯುವುದರೊಳಗೆ 1859ರ ಹದಿಮೂರನೇ ಕಾಯ್ದೆ ಬಂತು. ಅದಕ್ಕಾಗಿ ಅರ್ಜಿ ಹಾಕಿದ್ದವರು ಕಲ್ಕತ್ತೆಯ ಬಿಳಿಯ ವ್ಯಾಪಾರಸ್ಥರು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ, ದುಡ್ಡು ಕೊಡು ಇಲ್ಲವೇ ಕೆಲಸ ಮಾಡು ಎಂದು ಮ್ಯಾಜಿಸ್ಟ್ರೇಟ್ ಹುಕುಂ ಮಾಡಬಹುದು. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮಾತಿಗೆ ತಪ್ಪಿದ ಧಣಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಈ ಕಾಯ್ದೆ ರದ್ದಾದದ್ದು 1925ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮುತ್ತಾತ ಒಳಗೆ ಹೋಗಿ ಹೊರಗೆ ಬಂದಾಗಿತ್ತು.

ಅವನು ಕೊಡಗಿಗೆ ಬಂದದ್ದು "ಹೆಣ ಹೊರಕೆ ಜನ ಇಲ್ದಿದ್ದ ವರ್ಷ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. 1918ರ ಇನ್‌ಫ್ಲುಯೆಂಜಾ ಜ್ವರದ ವರ್ಷ ಅದು. ಆಗ ಅವನಿಗೆ ಇಪ್ಪತ್ತರ ಆಜುಬಾಜು. ಬಂದ ತೋಟದಲ್ಲಿ ಚಳಿಜ್ವರಕ್ಕೆ ಪಕ್ಕದಲ್ಲಿ ಮಲಗಿದವರೇ ಸತ್ತರಂತೆ. ಇನ್ನೊಬ್ಬ ಮೇಸ್ತ್ರಿಯಿಂದ ಇನ್ನೊಂದು ಮುಂಗಡ ಇಸ್ಕೊಂಡು ರಾತ್ರೋರಾತ್ರಿ ಊರಿನ ಕಡೆಗೆ ಹೊರಟ. ಕುಶಾಲನಗರದಲ್ಲಿ ಕಾವೇರಿಯೇ ಗಡಿ. ಆಚೆ ದಡ ಮೈಸೂರು ರಾಜ್ಯ, ಈಚೆ ದಡ ಬ್ರಿಟಿಷರ ಕೊಡಗು. ಅವನು ಸಿಕ್ಕಿಬಿದ್ದದ್ದು ಈಚೆ ದಡದಲ್ಲಿ. ಸಜೆ ಮುಗಿದ ಮೇಲೆ ಊರಿಗೆ ಹೋಗುವ ಧೈರ್ಯವಿಲ್ಲದೆ, ದಕ್ಷಿಣದ ಇನ್ನೊಂದು ತೋಟಕ್ಕೆ ಬಂದು ಹೆಸರು ಮರೆಸಿದ. ಅವನು ಬಂದ ದಿನ ಯಾವ ವಾರವೋ ಆ ವಾರವನ್ನೇ ರೈಟರು ಅವನ ಹೆಸರು ಎಂದು ಬರೆದುಕೊಂಡ. ಇವತ್ತು ನನ್ನ ಮಾರ್ಕ್ಸ್‌ಕಾರ್ಡಿನಲ್ಲಿ ಇನಿಶಿಯಲ್ಲಾಗಿ ಕೂತಿರುವುದು ಆ ವಾರದ ಮೊದಲ ಅಕ್ಷರ. ಇಷ್ಟರಲ್ಲಿ ಕಳ್ಳ ಯಾರು? ಹೊಟ್ಟೆಗೆ ಬೆಲೆ ಕಟ್ಟಿ ಹೆಬ್ಬೆಟ್ಟು ಒತ್ತಿಸಿಕೊಂಡವರೋ, ಸಾವಿನ ಮನೆಯಿಂದ ಓಡಿದವನೋ? ಜೈಲಿನ ಮಾನ ಆ ಕಾಯ್ದೆ ಬರೆದವರದು. ಅದನ್ನು ನಾಲ್ಕು ತಲೆಮಾರು ನಮ್ಮ ಮನೆಯಲ್ಲಿ ಬಚ್ಚಿಟ್ಟುಕೊಳ್ಳುವ ಅಗತ್ಯ ಏನಿತ್ತು?

ಎರಡನೆಯ ಗುಟ್ಟು ಹೊರಬಿದ್ದದ್ದು ಟಿವಿಯಿಂದ. 2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಹತ್ತಿರ ದಿಡ್ಡಳ್ಳಿಯಲ್ಲಿ ಆದಿವಾಸಿಗಳು ಹಾಕಿಕೊಂಡಿದ್ದ ಗುಡಿಸಲುಗಳನ್ನು ಕಿತ್ತುಹಾಕಿದರಲ್ಲ, ಆಗ. ಅಲ್ಲಿದ್ದವರಲ್ಲಿ ಬಹಳ ಜನ ತೋಟದ ಲೈನುಗಳನ್ನು ಬಿಟ್ಟು ಬಂದ ಯರವರು, ಜೇನುಕುರುಬರು. ಲೈನು ಮನೆಯ ಲೆಕ್ಕ ನಮ್ಮ ಓದುಗರಲ್ಲಿ ತೋಟ ಕಂಡವರಿಗೆ ಗೊತ್ತು: ದುಡಿಯುವವರೆಗೆ ಸೂರು, ದುಡಿಮೆ ನಿಂತ ದಿನ ಬೀದಿ. ನಾನಾಗ ಕಾಲೇಜಿನಿಂದ ರಜಕ್ಕೆ ಬಂದಿದ್ದೆ. ಟಿವಿಯಲ್ಲಿ ಒಬ್ಬ ಯರವರ ಹೆಂಗಸು, ಮುರಿದ ಗುಡಿಸಲ ಮುಂದೆ ನಿಂತು ತನ್ನ ಮಾತಿನಲ್ಲಿ ಅಳುತ್ತಾ ಏನೋ ಹೇಳುತ್ತಿದ್ದಳು. ವರದಿಗಾರನಿಗೂ ಅದು ಅರ್ಥವಾದಂತೆ ಕಾಣಲಿಲ್ಲ. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ನಮ್ಮಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು.

"ಮಕ್ಳು ಚಳೀಲಿ ಅವೆ ಅಂತಾವ್ಳೆ ಕನ್ ಮಗ" ಅಂದಳು.

"ನಿಂಗೆಂಗಜ್ಜಿ ಗೊತ್ತಾಯ್ತು?"

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದು ನಮ್ಮತ್ತೆ ಮಾತು" ಅಂದಳು.

ನಮ್ಮಜ್ಜಿಯ ಅತ್ತೆ, ಅಂದರೆ ಮುತ್ತಾತ ಕೊಡಗಿನಲ್ಲಿ ಕೂಡಿಕೆ ಮಾಡಿಕೊಂಡ ನನ್ನ ಮುತ್ತಜ್ಜಿ, ಯರವರವಳು. ನಮ್ಮ ತಾತ ಹುಟ್ಟಿದ್ದು ಅವಳ ಹೊಟ್ಟೆಯಲ್ಲಿ. ಮನೆಗೆ ಬಂದ ಸೊಸೆಯ ಕೈಲಿ ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದರಂತೆ, ಹೊರಗೆ ಹೇಳಬಾರದು ಎಂದು. ಆಣೆ ಹಾಕಿಸಿಕೊಂಡವಳು ಆ ಮುತ್ತಜ್ಜಿಯೇ! "ನನ್ ಮಕ್ಳಿಗೆ ಹೆಣ್ ಸಿಕ್ಬೇಕಲ್ಲವ್ವ" ಅಂದಿದ್ದಳಂತೆ. ಮಕ್ಕಳ ಮುಂದೆ ತನ್ನ ಮಾತನ್ನು ಆಡದೆ ಬಾಯಿ ಕಟ್ಟಿಕೊಂಡು ಬಾಳಿದಳು. ಸೊಸೆಯ ಜೊತೆ ಕಾಫಿ ಗಿಡದ ಸಾಲಿನಲ್ಲಿ ಇಬ್ಬರೇ ಇದ್ದಾಗ ಮಾತ್ರ ಅದು ಹೊರಗೆ ಬರುತ್ತಿತ್ತಂತೆ.

ಕೊಡಗು, ವಯನಾಡಿನ ಈ ಜನರ ಪಾಡು ನಮ್ಮ ಹಟ್ಟಿಯ ಪಾಡಿಗಿಂತ ಯಾವ ರೀತಿಯಲ್ಲೂ ಮೇಲಿರಲಿಲ್ಲ. ವಯನಾಡಿನ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಜಮೀನುದಾರರು ಪಣಿಯರನ್ನು, ಅಡಿಯರನ್ನು ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುವುದು ಇಪ್ಪತ್ತನೇ ಶತಮಾನದಲ್ಲೂ ನಡೆದಿತ್ತು. ಅವರ ನಂಟರೇ ಕೊಡಗಿನ ಪಣಿ ಯರವರು, ಪಂಜಿರಿ ಯರವರು. ಕನ್ನಡದಲ್ಲಿ ಎರವು ಅಂದರೆ ಸಾಲ ತಂದದ್ದು. ಒಬ್ಬ ಮುಂಗಡದ ಆಳು, ಒಬ್ಬಳು ಜಾತ್ರೆಯಲ್ಲಿ ಗೊತ್ತಾಗುತ್ತಿದ್ದ ಜನದವಳು. ಇಬ್ಬರೂ ಒಂದು ಲೈನಿನಲ್ಲಿ ಒಲೆ ಹೂಡಿದರು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ಇದ್ದದ್ದು ನಮ್ಮ ತಲೆಯಲ್ಲಿ. ನಾನು ಬೆಳೆದ ಲೈನಿನಲ್ಲಿ ಹೊಲೆಯರ ಮನೆಯವರು ಯರವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಅವರ ಹುಡುಗರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಊರಿನ ಬಾವಿಯಿಂದ ಅಟ್ಟಿಸಿಕೊಂಡು ಬಂದವರು ಕಾಡಿನ ನಡುವೆ ತಮಗೂ ಒಂದು ಕೀಳುಜಾತಿಯನ್ನು ಹುಡುಕಿಕೊಂಡಿದ್ದರು. ಮನು ಬರೆದಿಟ್ಟ ಏಣಿಯ ಕಟ್ಟಕಡೆಯ ಮೆಟ್ಟಿಲ ಮೇಲೆ ನಿಂತವನೂ ಕಾಲಿನ ಕೆಳಗೆ ಯಾರಾದರೂ ಇದ್ದಾರಾ ಎಂದು ತಡಕುತ್ತಾನೆ. ಈ ವ್ಯವಸ್ಥೆ ಬದುಕಿರುವುದೇ ಆ ತಡಕಾಟದಿಂದ. ಹೀಗಾಗಿ ಜೈಲನ್ನು ಕುಡಿದಾಗಲಾದರೂ ಬಾಯಿಬಿಟ್ಟ ನಮ್ಮ ಮನೆ, ಹೆತ್ತ ತಾಯಿಯ ಜನವನ್ನು ಕುಡಿದಾಗಲೂ ಬಾಯಿಬಿಡಲಿಲ್ಲ. ಮುತ್ತಜ್ಜಿ ಯರವರವಳು ಎನ್ನುವುದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಅವಳ ಬಾಯಿ ಕಟ್ಟಿಸಿದ್ದರಲ್ಲಿ ನಮ್ಮದು ಹೋಯಿತು.

ಒಂದು ಸಲ ಬಾಯಿಬಿಟ್ಟ ಅಜ್ಜಿ ಮೂರನೆಯದನ್ನೂ ಹೇಳಿದಳು. ಪಿತೃಪಕ್ಷದಲ್ಲಿ ಎಡೆ ಇಡುವಾಗ ನಮ್ಮ ಮನೆಯಲ್ಲಿ ಎರಡು ಸೀರೆ ಇಡುತ್ತಾರೆ. ಒಂದು ಮುತ್ತಜ್ಜಿಗೆ. ಇನ್ನೊಂದು ಯಾರಿಗೆ ಎಂದು ಕೇಳಿದರೆ "ಹಿಂದ್ಲಿಂದ್ಲೂ ಅಂಗೇ ಮಡುಗ್ತಾರೆ" ಎನ್ನುತ್ತಿದ್ದರು. ಅದು ಮುತ್ತಾತ ಊರಿನಲ್ಲಿ ಬಿಟ್ಟುಬಂದ ಹೆಂಡತಿಗೆ. ಆ ಎಡೆಯನ್ನು ಮೊದಲು ಇಟ್ಟವಳು ಮುತ್ತಜ್ಜಿ. ಎಂದೂ ಕಾಣದ ಆ ಹೆಂಗಸನ್ನು ಅವಳು 'ಅಕ್ಕ' ಅನ್ನುತ್ತಿದ್ದಳಂತೆ.

ಅಜ್ಜಿ ಕೊಟ್ಟ ಗುರುತು ಎರಡೇ. ಮನೆದೇವರ ಹೆಸರು, ಮತ್ತು ಕೆರೆ ಏರಿಯ ಮೇಲೆ ಒಂದಕ್ಕೊಂದು ತಬ್ಬಿಕೊಂಡ ಆಲ ಅರಳಿ. 2018ರ ಬೇಸಗೆಯಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಆ ದೇವರ ಗುಡಿಯಿರುವ ಊರುಗಳನ್ನು ಒಂದೊಂದಾಗಿ ತಿರುಗಿದೆ. ನಾಲ್ಕನೆಯ ಊರಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ನನ್ನ ಮಾತು ಕೇಳಿ, ಬೀಗ ಹಾಕಿದ ಶಾಲೆಯ ಮೆಟ್ಟಿಲಿಂದ ಎದ್ದು, ಹಟ್ಟಿಯ ಹಿರಿಯರೊಬ್ಬರ ಬಳಿಗೆ ಕರೆದುಕೊಂಡು ಹೋದರು. ಕೆರೆಯಲ್ಲಿ ನೀರಿರಲಿಲ್ಲ. ಮರಗಳಿದ್ದವು.

ಆ ಹಿರಿಯರು ಮುತ್ತಾತನ ತಮ್ಮನ ಮೊಮ್ಮಗ. ನನಗೆ ದೊಡ್ಡಪ್ಪ ಆಗಬೇಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೊಡುಗ್ಗೆ ಓಡೋದೋನ ಕಡೆಯೋನಾ ನೀನು?" ಅಂದರು. ನೂರು ವರ್ಷದ ಮೇಲೂ ಆ ಹಟ್ಟಿಯಲ್ಲಿ ಅವನಿಗೆ ಉಳಿದಿರುವ ಹೆಸರು ಅದೇ: ಓಡೋದೋನು.

ಅವರು ಹೇಳಿದ್ದಿಷ್ಟು. ಅಣ್ಣತಮ್ಮ ಇಬ್ಬರೂ ಅಣ್ಣನ ಮದುವೆಯ ಸಾಲಕ್ಕೆ ಊರಗೌಡನ ಮನೆಯಲ್ಲಿ ಜೀತಕ್ಕಿದ್ದರು. ಜ್ವರದ ವರ್ಷ ಅಣ್ಣ ಮೇಸ್ತ್ರಿಯ ಮುಂಗಡ ಇಸ್ಕೊಂಡು ರಾತ್ರಿ ಊರು ಬಿಟ್ಟ. "ಬಂದು ಕರ್ಕೊಂಡೋಗ್ತೀನಿ" ಎಂದು ಹೆಂಡತಿಗೆ ಹೇಳಿದ್ದನಂತೆ. ಬೆಳಗ್ಗೆ ಗೌಡ ಅಣ್ಣನ ಸಾಲವನ್ನೂ ತಮ್ಮನ ತಲೆಗೆ ಕಟ್ಟಿದ. ತಮ್ಮ ಸಾಯುವವರೆಗೂ ತೀರಲಿಲ್ಲ. ಅವನ ಮಗನಿಗೆ ಬಂತು. ಮಗನಿಂದ ಈ ದೊಡ್ಡಪ್ಪನಿಗೆ ಬಂತು. 1975ರ ಅಕ್ಟೋಬರಿನಲ್ಲಿ ಜೀತ ರದ್ದಿನ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಆಗ ಇವರಿಗೆ ಇಪ್ಪತ್ತೆರಡು ವರ್ಷ.

"ನಿಮ್ಮೋನು ಓಡೋದ, ನಿಮಗೆ ಅಕ್ಷರ ಬಂತು. ನಮ್ಮೋನು ಉಳ್ಕಂಡ, ನಮಗೆ ಅವನ್ ಸಾಲ ಬಂತು" ಅಂದರು. ಸಿಟ್ಟಿನಿಂದ ಅನ್ನಲಿಲ್ಲ. ಮಳೆ ಬರಲಿಲ್ಲ ಅನ್ನುವ ಹಾಗೆ ಅಂದರು.

ಆ ಹೆಂಡತಿ ಏನಾದಳು? ನಮ್ಮಲ್ಲಿ ಗಂಡ ಸತ್ತವಳಿಗೆ, ಬಿಡುಗಡೆಯಾದವಳಿಗೆ ಸೀರೆ ಉಡಿಕೆ ಮಾಡುವ ಪದ್ಧತಿ ಇದೆ. ಮೇಲ್ಜಾತಿಯವರಲ್ಲಿ ಇಲ್ಲದ ಒಳ್ಳೆಯದು ನಮ್ಮಲ್ಲಿದೆ ಎಂದು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ಅವಳ ಗಂಡ ಸತ್ತ ಸುದ್ದಿ ಇಲ್ಲ. ಬಿಡುಗಡೆ ಕೊಡಲು ಅವನು ಎದುರಿಗಿಲ್ಲ. ಕಟ್ಟೆಮನೆಯ ಯಜಮಾನರು ಕೂತು, ಅವನು ಬರಲಿ, ಇಲ್ಲ ಅವನ ಸಾವಿನ ಸುದ್ದಿ ಬರಲಿ ಎಂದು ತೀರ್ಮಾನ ಕೊಟ್ಟರು. ಎರಡೂ ಬರಲಿಲ್ಲ. ಅವಳು ಗೌಡನ ಕೊಟ್ಟಿಗೆ ಬಾಚುತ್ತಾ ನಲವತ್ತೈದು ವರ್ಷ ಕಾದಳು. ದೊಡ್ಡಪ್ಪ ಹತ್ತು ವರ್ಷದವರಿದ್ದಾಗ ತೀರಿಕೊಂಡಳು. ಅವರಿಗೆ ಅವಳ ನೆನಪಿದೆ. ಕೊಡಗಿನ ಕೊಯ್ಲು ಮುಗಿಸಿ ಬರುವ ಆಳುಗಳನ್ನೆಲ್ಲ ಕೆರೆ ಏರಿಯ ಮೇಲೆ ತಡೆದು, ಗಂಡನ ಹೆಸರು ಹೇಳಿ, ಕಂಡಿರಾ ಎಂದು ಕೇಳುತ್ತಿದ್ದಳಂತೆ. ಯಾರೂ ಕಂಡಿರಲಿಲ್ಲ. ಹೇಗೆ ಕಂಡಾರು? ಆ ಹೆಸರಿನವನು ಕೊಡಗಿನಲ್ಲಿ ಇರಲೇ ಇಲ್ಲ. ಅಲ್ಲಿದ್ದವನಿಗೆ ವಾರದ ಹೆಸರು.

ಇದನ್ನು ಕೇಳಿದ ಮೇಲೆ ನನಗೆ ಮುತ್ತಾತನ ಮೇಲೆ ಪದ್ಯ ಬರೆಯಲು ಆಗಲಿಲ್ಲ. ಜೈಲನ್ನು ಮುಂದಿಟ್ಟು ಅವನನ್ನು ಬಂಡಾಯಗಾರ ಮಾಡುವುದು ಸುಲಭ. ಎರಡು ಮುಂಗಡ ತಿಂದು ದೊರೆಗೆ ಟೋಪಿ ಹಾಕಿದವನು, ನಮ್ಮ ಪತ್ರಿಕೆಗಳಿಗೆ ಬೇಕಾದ ನಾಯಕ. ಆದರೆ ಸಜೆ ಮುಗಿದ ಮೇಲೆ, ಆ ಕಾಯ್ದೆಯೇ ರದ್ದಾದ ಮೇಲೆ, 1947 ಕಳೆದ ಮೇಲೆ, ಬ್ರಿಟಿಷರ ಗಡಿಯೇ ಇಲ್ಲವಾದ ಮೇಲೆ ಒಂದು ಸುದ್ದಿ ಕಳಿಸದಂತೆ ಅವನನ್ನು ತಡೆದವರು ಯಾರು? ದೊರೆಯಲ್ಲ, ಗೌಡನಲ್ಲ. ಪಿರಿಯಾಪಟ್ಟಣ ಅಲ್ಲಿಂದ ಒಂದೆರಡು ದಿನದ ನಡಿಗೆ. ಶೋಷಣೆಗೆ ಒಳಗಾದವನು ಇನ್ನೊಬ್ಬರನ್ನು ಶೋಷಿಸಿದಾಗ ಅದಕ್ಕೆ ಬೇರೆ ಹೆಸರು ಇಡಬಾರದು. ಓಡಿಹೋಗಿದ್ದಕ್ಕೆ ನಾನು ಅವನ ಪರವಾಗಿ ಎಲ್ಲಿ ಬೇಕಾದರೂ ವಾದ ಮಾಡುತ್ತೇನೆ. ಅವಳನ್ನು ಕಾಯಿಸಿದ್ದಕ್ಕೆ ಮಾಡಲಾರೆ. ಈ ಒಂದು ಗುಟ್ಟಿನಲ್ಲಿ ಮಾನ ಹೋಗುವುದು ನಮ್ಮ ಗಂಡಸರದು, ನಮ್ಮ ಕಟ್ಟೆಮನೆಯದು. ಹೋಗಲಿ.

ಗೆಳೆಯರೇ, ಪ್ರತಿ ಹಟ್ಟಿಯಲ್ಲೂ ಒಬ್ಬ ಓಡಿಹೋದವನಿದ್ದಾನೆ. ಕೋಲಾರದ ಚಿನ್ನದ ಗಣಿಗೆ, ಬೊಂಬಾಯಿಯ ಮಿಲ್ಲಿಗೆ, ಘಟ್ಟದ ಕಾಫಿಗೆ. ಪ್ರತಿ ಓಡಿಹೋದವನ ಹಿಂದೆ ಉಳಿದುಕೊಂಡವಳೊಬ್ಬಳು ಇದ್ದಾಳೆ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳಿಗೆ ರಾಜರ ವಂಶಾವಳಿ ಬಾಯಿಪಾಠ ಮಾಡಿಸುವ ಜೊತೆಗೆ ಅವರವರ ಅಜ್ಜಿಯರನ್ನು ಕೇಳಿಕೊಂಡು ಬರಲು ಹೇಳಿ. ಯಾರು ಊರು ಬಿಟ್ಟರು, ಯಾವ ಸಾಲಕ್ಕೆ, ಆ ಸಾಲವನ್ನು ಯಾರು ತೀರಿಸಿದರು, ಯಾರ ಬಾಯಿ ಕಟ್ಟಿಸಿದರು. ಬರೆದಿಡಿ. ನಮ್ಮಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಅವಳ ಜೊತೆಗೆ ನಮ್ಮ ಮನೆಯಲ್ಲಿ ಉಳಿದಿದ್ದ ಯರವರ ಮಾತೂ ಹೋಯಿತು. ನನಗೆ ಬರುವುದು ಅವಳು ಕಲಿಸಿದ ಏಳೆಂಟು ಶಬ್ದ ಮಾತ್ರ.

ಈ ಬರಹ ಅಚ್ಚಾಗುವುದು ಅಪ್ಪನಿಗೆ ಇಷ್ಟವಿಲ್ಲ. ತಂಗಿಗೆ ಗಂಡು ನೋಡುತ್ತಿದ್ದಾರೆ. "ಯರವ್ರ ರಕ್ತ ಅಂತ ಗೊತ್ತಾದ್ರೆ ನಮ್ ಜಾತೀಲಿ ಯಾರ್ಲಾ ಬತ್ತರೆ? ಜೈಲು ಬೇರೆ. ಹೆಂಡ್ತಿ ಬಿಟ್ಟು ಬಂದೋನು ಬೇರೆ. ಎಲ್ಲಾನೂ ಬೀದಿಗೆ ಹಾಕ್ತೀಯಲ್ಲ" ಎನ್ನುತ್ತಾರೆ. ಅಪ್ಪನ ಭಯವನ್ನು ನಾನು ಹಗುರ ಮಾಡುವುದಿಲ್ಲ. ಅದು ಮುತ್ತಜ್ಜಿಯ ಭಯವೇ, ಕೈಯಿಂದ ಕೈಗೆ ಬಂದದ್ದು. ಅದಕ್ಕೇ ಕೈಬರಹದ ಹಾಳೆಗಳನ್ನು ಮೊದಲು ತಂಗಿಗೆ ಕೊಟ್ಟೆ, ನೀನು ಬೇಡ ಅಂದರೆ ಹರಿದುಹಾಕುತ್ತೇನೆ ಎಂದು ಹೇಳಿ. ಅವಳು ಒಲೆಯ ಮುಂದೆ ಕೂತು ಪೂರಾ ಓದಿದಳು. ಓದಿ ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ವಾಪಸು ಕೊಟ್ಟಳು.

"ಕಳ್ಸಣ್ಣ" ಅಂದಳು. "ಇದುನ್ನ ಓದಿ ಬಿಟ್ಟೋಗೋ ಗಂಡು ಮದ್ವೆಗೆ ಮುಂಚೇನೇ ಹೋಗ್ಲಿ. ಆ ದೊಡ್ಡವ್ವನ್ ತರ ಏರಿ ಮೇಲೆ ನಿಂತ್ಕಂಡು ಕಾಯಕೆ ನನ್ ಕೈಲಾಗಲ್ಲ."